ಪದಚರ್ಚೆ: ಒರಟೋರಿಯೊಗೆ ಕನ್ನಡದಲ್ಲಿ ಏನು? (ತುರ್ತು)

ಪ್ರಶ್ನೆ:
ಫ್ರೆಂಚ್ ಸಂಗೀತಕಾರ ಸಾಂ-ಸಾನ್ಸ್‌ನ ಒಪೆರಾ ‘ಸ್ಯಾಮ್ಸನ್ ಮತ್ತು ಡಲೈಲಾ’ ಬಗ್ಗೆ ಒಂದು ಪುಟದ ಟಿಪ್ಪಣಿ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಅವನು ಮೊದಲು ಒರಟೋರಿಯೊ (ಗಾಯಕರು, ಮೇಳ ಸೇರಿ ಕತೆ ಹಾಡೋದು) ಮಾಡಬೇಕು ಅಂದುಕೊಂಡಿದ್ದ. ಸಾಹಿತ್ಯ ಬರೆದ ಲೆಮೇರ್, ಒಪೆರಾನೇ ಆಗಲಿ ಅಂತ ಒಪ್ಪಿಸಿದ. ಒಪೆರಾಗೆ ಗೀತನಾಟಕ ಅಂತ ಹಾಕಿದ್ದೇನೆ. ಒರಟೋರಿಯೊಗೆ ‘ಭಕ್ತಿರೂಪಕ’ ಅಂದರೆ ನಡೆಯುತ್ತಾ?

ಉತ್ತರ 1:
ನಡೆಯಲ್ಲ. ಭಕ್ತಿಗೂ ಇದಕ್ಕೂ ಗಂಟು ಹಾಕಬೇಡಿ. ನಿಮ್ಮದು ಬೈಬಲ್ ಕತೆ, ಆದರೂ ಒಪೆರಾ. ಸಂಗೀತಕಾರ ಹ್ಯಾಂಡೆಲ್‌ನ ‘ಸೆಮೆಲಿ’ ಗ್ರೀಕ್ ದೇವರ ಪ್ರಣಯದ ಕತೆ, 1744ರಲ್ಲಿ ಅದನ್ನು ಒರಟೋರಿಯೊ ಥರ ಹಾಡಿಸಿದ. ವ್ಯತ್ಯಾಸ ಇರೋದು ವೇಷ, ಅಭಿನಯದಲ್ಲಿ. 1732ರಲ್ಲಿ ಬೈಬಲ್ ಕತೆಯ ಅವನ ‘ಎಸ್ತರ್’ ರಂಗದ ಮೇಲೆ ಆಡೋದಕ್ಕೆ ಲಂಡನ್ನಿನ ಬಿಷಪ್ ಬಿಡಲಿಲ್ಲ. ಸರಿ, ಅಭಿನಯ ಬಿಟ್ಟು ಬರೀ ಹಾಡಿದರು. ಇಂಗ್ಲಿಷ್ ಒರಟೋರಿಯೊ ಬೆಳೆದದ್ದೇ ಹಾಗೆ. ಸ್ಯಾಮ್ಸನ್‌ಗೂ ಅದೇ ಪಾಡು: ಜರ್ಮನಿಯ ವೈಮರ್‌ನಲ್ಲಿ 1877ರಲ್ಲೇ ರಂಗ ಏರಿದ, ಲಂಡನ್ನಿನಲ್ಲಿ ವೇಷ ಕಟ್ಟೋಕೆ 1909ರ ತನಕ ಕಾಯಬೇಕಾಯಿತು. ನಮ್ಮ ಕರಾವಳಿಯಲ್ಲಿ ಪದ ಸಿದ್ಧವಾಗಿದೆ ಅಲ್ವಾ? ಯಕ್ಷಗಾನದ ಆಟ ಅಂದರೆ ಒಪೆರಾ, ವೇಷವಿಲ್ಲದ ತಾಳಮದ್ದಲೆ ಅಂದರೆ ಒರಟೋರಿಯೊ.

ಉತ್ತರ 2:
ತಾಳಮದ್ದಲೆಗೆ ಅರ್ಥಗಾರಿಕೆಯೇ, ಅಂದರೆ ಪಾತ್ರಧಾರಿಗಳ ಆಶು ಮಾತೇ ಜೀವ. ಒರಟೋರಿಯೊದಲ್ಲಿ ಮಾತೂ ಹಾಡೇ. ಅಲ್ಲಿಗೆ ಮುಗಿಯಿತು.
ಬೇರು ನೋಡಿ. ಇಟಲಿಯವರಿಗೆ ಒರಟೋರಿಯೊ ಅಂದರೆ ಪ್ರಾರ್ಥನೆಯ ಕೋಣೆ. ರೋಮಿನಲ್ಲಿ ಪಾದ್ರಿ ಫಿಲಿಪ್ಪೊ ನೇರಿ ಜನರನ್ನು ಕೂಡಿಸಿ ಹಾಡಿಸುತ್ತಿದ್ದ ಜಾಗದ ಹೆಸರೇ ಹಾಡಿಗೆ ಅಂಟಿಕೊಂಡಿತು. ಆದ್ದರಿಂದ ‘ಗುಡಿಹಾಡು’. ಒಪೆರಾಗೆ ‘ಹಾಡಾಟ’. ಗೀತ, ನಾಟಕ, ರೂಪಕ ಎಲ್ಲ ಸಂಸ್ಕೃತ. ಮನೆಯಲ್ಲೇ ಇರುವಾಗ ಸಾಲ ಯಾಕೆ?

ಉತ್ತರ 3:
ಗುಡಿಹಾಡಂತೆ! ಹ್ಯಾಂಡೆಲ್‌ನ ಒರಟೋರಿಯೊ ‘ಮೆಸ್ಸಾಯ’ ಮೊದಲು ಹಾಡಿದ್ದು 1742ರಲ್ಲಿ, ಡಬ್ಲಿನ್ನಿನ ಸಂಗೀತ ಸಭಾಂಗಣದಲ್ಲಿ. ಚರ್ಚಿನಲ್ಲಲ್ಲ. ಇನ್ನು ಹಾಡಾಟ ಅಂದರೆ ಮಕ್ಕಳು ಅಂಗಳದಲ್ಲಿ ಆಡಿದ ಹಾಗಿದೆ.
ಫಿಡಲ್ ಪಿಟೀಲಾಯಿತು, ಹಿಂದಿ-ಉರ್ದು ಕಡೆಯಿಂದ ಕಛೇರಿ ಬಂತು. ‘ಪಿಟೀಲು ಕಛೇರಿ’ ಅನ್ನುವಾಗ ಯಾರಿಗೂ ಹೊಟ್ಟೆನೋವು ಬರಲ್ಲ. ಸುಮ್ನೆ ಒರಟೋರಿಯೊ ಅಂತಲೇ ಬರೆದು, ಪಕ್ಕದಲ್ಲಿ ‘ವೇಷ, ಅಭಿನಯ ಇಲ್ಲದ ಗೀತನಾಟಕ’ ಅಂತ ಸೇರಿಸಿ. ಅಂದ ಹಾಗೆ, ಕನ್ನಡ ಬೈಬಲ್ಲಿನಲ್ಲಿ ಅವನು ಸಂಸೋನ, ಅವಳು ದೆಲೀಲಾ. ಮೊದಲು ಅದನ್ನು ತಿದ್ದಿ.

ಪ್ರಶ್ನೆ ಕೇಳಿದವರು:
ಹೆಸರು ತಿದ್ದಿದೆ, ಒರಟೋರಿಯೊ ಹಾಗೇ ಇಟ್ಟೆ. ಅಚ್ಚಿಗೆ ಕಳಿಸಿಯಾಯಿತು. ಎಲ್ಲರಿಗೂ ಥ್ಯಾಂಕ್ಸ್.

ಉತ್ತರ 2:
ಪಿಟೀಲನ್ನು ನಾವು ನಮ್ಮ ನಾಲಿಗೆಗೆ ಬಗ್ಗಿಸಿಕೊಂಡೆವು. ಇದನ್ನು ಇದ್ದ ಹಾಗೇ ತಂದು ಸುರಿದಿದ್ದೀರಿ. ಓದುವವರಿಗೆ ಅದರಲ್ಲಿ ಕೇಳಿಸೋದು ‘ಒರಟು’ ಒಂದೇ.