ಹೊಳೆಯ ‘ಡಿಸ್ಟರ್ಬೆನ್ಸ್’ಗೆ ಕನ್ನಡದಲ್ಲಿ ಏನೆನ್ನೋಣ?

ಬಲ್ಲವರಿಗೆ ನಮಸ್ಕಾರ.

ಬೆಟ್ಟದ ತೊರೆಗಳಲ್ಲಿ ಬದುಕುವ ಅಕಶೇರುಕಗಳ (ಬೆನ್ನುಮೂಳೆ ಇಲ್ಲದ ಜೀವಿಗಳ) ಬಗ್ಗೆ ಪ್ರೌಢಶಾಲೆಯ ಮಕ್ಕಳಿಗಾಗಿ ಲೇಖನವೊಂದನ್ನು ಬರೆಯುತ್ತಿದ್ದೇನೆ. ಪರಿಸರ ವಿಜ್ಞಾನದ ‘ಡಿಸ್ಟರ್ಬೆನ್ಸ್’ ಎಂಬ ಪದದ ಬಳಿ ಬಂದು ನಿಂತುಬಿಟ್ಟಿದ್ದೇನೆ. ಹೊಳೆಯ ಜೀವಿಗಳ ಬದುಕನ್ನು ಏರುಪೇರು ಮಾಡುವ ಘಟನೆಗಳಿಗೆ ಆ ಹೆಸರು. ನೆರೆ, ಬರ, ಗುಡ್ಡ ಕುಸಿತ, ಮರಳು ತೆಗೆಯುವುದು, ಒಡ್ಡು ಕಟ್ಟುವುದು ಎಲ್ಲವೂ ಅದರೊಳಗೆ ಬರುತ್ತವೆ. ‘ಕ್ಷೋಭೆ’ ಎಂದರೆ ಮನಸ್ಸಿನ ತಳಮಳವೋ ದೇಶದ ಗಲಭೆಯೋ ನೆನಪಾಗುತ್ತದೆ. ‘ಅಡಚಣೆ’ ಎಂದರೆ ದಾರಿಗೆ ಅಡ್ಡ ಬಿದ್ದ ಮರ. ‘ಹಾನಿ’ ಎಂದರೆ ವಿಚಾರಣೆಗೆ ಮೊದಲೇ ತೀರ್ಪು ಕೊಟ್ಟಂತೆ.

ಮಲೆನಾಡಿನ ಹಳ್ಳದಲ್ಲಿ ಅಂಗೈ ಅಗಲದ ಕಲ್ಲೊಂದನ್ನು ಮಗುಚಿ ನೋಡಿ. ಮೇಫ್ಲೈ ಎಂಬ ಕೀಟದ ಮರಿ ಕಲ್ಲಿಗೆ ಅಂಟಿದ ಹಾಗೆ ಚಪ್ಪಟೆಯಾಗಿ ಕೂತಿರುತ್ತದೆ. ಹೊಟ್ಟೆಯ ಎರಡೂ ಬದಿಗೆ ಸಾಲಾಗಿರುವ ಕಿವಿರುಗಳು ಮಿಡಿಯುತ್ತಿರುತ್ತವೆ. ಪಕ್ಕದಲ್ಲೇ ಕ್ಯಾಡಿಸ್ ಎಂಬ ಇನ್ನೊಂದು ಕೀಟದ ಹುಳು ಮರಳಿನ ಕಣಗಳನ್ನು ರೇಷ್ಮೆಯಿಂದ ಹೊಂದಿಸಿ ಕಟ್ಟಿಕೊಂಡ ಗೂಡು. ಜುಲೈ ತಿಂಗಳ ನೆರೆ ಇವುಗಳಲ್ಲಿ ಬಹುಪಾಲನ್ನು ಕೊಚ್ಚಿಕೊಂಡು ಹೋಗಬಹುದು. ಆದರೂ ದೊಡ್ಡ ಬಂಡೆಗಳ ಮರೆಯಲ್ಲಿ, ತಳದ ಜಲ್ಲಿಯ ಸಂದಿಯಲ್ಲಿ ಕೆಲವು ಉಳಿದಿರುತ್ತವೆ. ರೆಕ್ಕೆ ಬಂದವು ಹಾರಿ ಬಂದು ಮೊಟ್ಟೆಯಿಡುತ್ತವೆ. ಹಳ್ಳ ಮತ್ತೆ ತುಂಬಿಕೊಳ್ಳುತ್ತದೆ.

ಹೂಳಿನ ಕಥೆ ಬೇರೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಮಣ್ಣು ತೊರೆಗಳಿಗೆ ಇಳಿಯಿತು. ಅಂಥ ನುಣುಪು ಮಣ್ಣು ಅಡಗುವ ಸಂದಿಗಳನ್ನೇ ಮುಚ್ಚುತ್ತದೆ, ಕಿವಿರಿಗೆ ಮೆತ್ತಿಕೊಳ್ಳುತ್ತದೆ. ‘ಹೂಳು’ ನಮ್ಮಲ್ಲಿ ಹೆಸರೂ ಹೌದು, ಕ್ರಿಯೆಯೂ ಹೌದು. ಆ ಹುಳುಗಳಿಗೆ ಆಗುವುದನ್ನು ಈ ಒಂದೇ ಮಾತು ಎಷ್ಟು ಸರಿಯಾಗಿ ಹೇಳುತ್ತದೆ ಎಂದು ನಾನು ಬೆರಗಾಗಿದ್ದೇನೆ.

ಆಸ್ಟ್ರೇಲಿಯಾದ ವಿಜ್ಞಾನಿ ಪಿ. ಎಸ್. ಲೇಕ್ 2000ರಲ್ಲಿ ಹೊಳೆಯ ಡಿಸ್ಟರ್ಬೆನ್ಸ್‌ಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಪಲ್ಸ್, ಪ್ರೆಸ್, ರ‍್ಯಾಂಪ್ ಎಂಬ ಆ ಹೆಸರುಗಳನ್ನು ಪದಕ್ಕೆ ಪದ ತರುವ ಬದಲು ಹೀಗೆ ಬರೆದಿದ್ದೇನೆ: ಬಂದು ಹೋಗುವುದು, ಬಂದು ಕೂರುವುದು, ಬರಬರುತ್ತಾ ಬಲಿಯುವುದು. ನೆರೆ ಮೊದಲನೆಯದು, ಕುಸಿತದ ಹೂಳು ಎರಡನೆಯದು, ಬರ ಮೂರನೆಯದು. ಮಕ್ಕಳಿಗೆ ಇಷ್ಟು ಸಾಕೆಂದು ನನ್ನ ನಂಬಿಕೆ. ಒಪ್ಪದವರು ದಯವಿಟ್ಟು ತಿದ್ದಿ.

ಉಳಿದಿರುವುದು ಮೂರನ್ನೂ ಹಿಡಿಯುವ ಮೂಲಪದ. ನನ್ನ ಒಲವು ‘ಹೊಡೆತ’ದ ಕಡೆಗಿದೆ. ನೆರೆಯ ಹೊಡೆತ, ಬರದ ಹೊಡೆತ ಎಂದು ಎಲ್ಲರೂ ಆಡುತ್ತೇವೆ, ಪತ್ರಿಕೆಗಳೂ ಬರೆಯುತ್ತವೆ. ಹೊಡೆತ ತಿಂದವರು ಚೇತರಿಸಿಕೊಳ್ಳಲೂಬಹುದು, ಆದ್ದರಿಂದ ತೀರ್ಪಿನ ಭಾರವೂ ಇಲ್ಲ. ಆದರೆ ‘ಹೂಳಿನ ಹೊಡೆತ’ ಎಂದು ಬರೆದ ಕೂಡಲೇ ಕಿವಿ ಒಪ್ಪುವುದಿಲ್ಲ. ಹೂಳು ಹೊಡೆಯುವುದಿಲ್ಲ, ಸದ್ದಿಲ್ಲದೆ ಕೂರುತ್ತದೆ. ‘ಕದಡು’ ಹೂಳಿಗೆ ಹೊಂದುತ್ತದೆ, ಬತ್ತಿದ ಹಳ್ಳಕ್ಕೆ ಹೊಂದುವುದಿಲ್ಲ.

ಹಳ್ಳದ ನೀರನ್ನೇ ತೋಟಕ್ಕೆ, ಮನೆಗೆ ಬಳಸುವ ಊರುಗಳವರು ಇಲ್ಲಿದ್ದರೆ ಕೇಳುತ್ತೇನೆ. ಮೇಲ್ಗಡೆ ಮಣ್ಣು ಅಗೆದು ಹಳ್ಳದ ನೀರು ಕೆಂಪಗಾದಾಗ ನಿಮ್ಮ ಮನೆಯ ಹಿರಿಯರು ಏನನ್ನುತ್ತಾರೆ? ಕಲ್ಲಿನ ಮೇಲೆ ಕೂತ ಆ ತೆಳು ಮಣ್ಣಿನ ಪದರಕ್ಕೆ ರಾಡಿ, ಗಸಿ ಬಿಟ್ಟು ಬೇರೆ ಹೆಸರಿದೆಯೇ? ಊರಿನ ಹೆಸರಿನೊಂದಿಗೆ ಬರೆದರೆ ಉಪಕಾರವಾಗುತ್ತದೆ.