ಹುತ್ತರಿ ರಾತ್ರಿಯ ರಾ ಫೋಟೋ ಪೂರ್ತಿ ನಾಯ್ಸ್, ನಿಮ್ಮ ಅನುಭವ ಹೇಳಿ

ಗದ್ದೆ ಬದು (ನಾಪೋಕ್ಲು): ಹುತ್ತರಿ ರಾತ್ರಿ ಕದಿರು ತೆಗೆಯುವಾಗ ರಾ (ಕ್ಯಾಮೆರಾ ತಿದ್ದದೆ ಹಾಗೇ ಉಳಿಸುವ ಫೈಲ್) ಫೋಟೋ ತೆಗೆದೆ. ಬೆಳದಿಂಗಳು, ಎರಡು ಟಾರ್ಚ್, ಅಷ್ಟೇ ಬೆಳಕು. ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸ್, ಎಫ್ 5.6 (ಲೆನ್ಸ್ ಕಿಂಡಿಯ ಅಂಕೆ, ಕಮ್ಮಿ ಆದಷ್ಟೂ ಹೆಚ್ಚು ಬೆಳಕು), ಐಎಸ್‌ಒ (ಕ್ಯಾಮೆರಾ ಚಿತ್ರದ ಹೊಳಪು ಎತ್ತುವ ಮಟ್ಟ) 12800. ಅಜ್ಜಿ ದೀಪದ ಪಕ್ಕ ನಿಂತ ಚಿತ್ರ ಒಂದೇ ಒಂದು ಸಿಕ್ಕಿದೆ. ಪೂರ್ತಿ ನಾಯ್ಸ್: ಸೆರಗಿನ ನೆರಳಲ್ಲಿ ಕೆಂಪು ಹಸಿರು ಚುಕ್ಕೆ, ಮುಖದ ಮೇಲೆ ರವೆ ಚೆಲ್ಲಿದ ಹಾಗೆ. 8 ಜಿಬಿ ಲ್ಯಾಪ್‌ಟಾಪ್ ಇದೆ, ಕೈಯಲ್ಲಿ 10,000 ರೂಪಾಯಿ ಇದೆ. ಸಾಫ್ಟ್‌ವೇರ್ ತಗೊಳ್ಳಲಾ, ಲೆನ್ಸ್ ತಗೊಳ್ಳಲಾ?

ಒಂಟಿ ಮಂಗಟ್ಟೆ (ಸೋಮವಾರಪೇಟೆ): ನಾನು ಹಕ್ಕಿ ಫೋಟೋ ತೆಗೆಯುವವನು. ಲೆನ್ಸ್ ಲೆನ್ಸ್ ಅನ್ನೋರ ಮಾತು ಕೇಳಿ ನಾನು 52,000 ಕಳೆದೆ. ಚೀಟಿ ಎತ್ತಿದ ದುಡ್ಡು ಅದು. ದೂರದ್ದನ್ನು ಹತ್ತಿರ ತರುವ, 600 ಎಂಎಂ ತನಕ ಹೋಗುವ ಎಫ್ 6.3 ಜೂಮ್ ಮಾರಿ, ಹಳೆಯ 300 ಎಂಎಂ ಎಫ್ 4 ಲೆನ್ಸ್ ತಗೊಂಡೆ. ತೋಟದ ನೆರಳಲ್ಲಿ ಐಎಸ್‌ಒ 6400ರಿಂದ 2500ಕ್ಕೆ ಇಳಿಯಿತು, ಖುಷಿ ಆಯಿತು. ಮನೆಗೆ ಬಂದು ನೋಡಿದರೆ ಹಕ್ಕಿ ಅರ್ಧ ಸೈಜ್. ಕ್ರಾಪ್ ಮಾಡಿದೆ, ನಾಯ್ಸ್ ಮತ್ತೆ ಅಷ್ಟೇ ದಪ್ಪ. ಕೊನೆಗೆ ಎಐ ಡಿನಾಯ್ಸ್ (ನಾಯ್ಸ್ ತೆಗೆಯುವ ಸಾಫ್ಟ್‌ವೇರ್) ಹಾಕಿಸಿದೆ. ನನ್ನದೂ 8 ಜಿಬಿ, ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. ಒಂದು ಫೋಟೋಗೆ 11 ನಿಮಿಷ. 140 ಫೋಟೋ ಹಾಕಿ ಮಲಗಿದೆ, 23ನೆಯದಕ್ಕೆ ಕರೆಂಟ್ ಹೋಯಿತು. ಆಮೇಲೆ ಕಾರ್ಡ್ ಇರುವ ಡೆಸ್ಕ್‌ಟಾಪ್‌ಗೆ 68,000. ಈಗ 25 ಸೆಕೆಂಡ್ ಸಾಕು, ಮಂಗಟ್ಟೆ ಹಕ್ಕಿಯ ಕೊಕ್ಕಿನ ಗೀರು ಸಹ ಕಾಣುತ್ತೆ.

ಮದುವೆ ಕ್ಯಾಮೆರಾ (ವಿರಾಜಪೇಟೆ): ಐಎಸ್‌ಒಗೆ ಹೆದರಿ ನಾನು ಕೆಟ್ಟೆ. ಹೊಸದರಲ್ಲಿ 800 ದಾಟುತ್ತಲೇ ಇರಲಿಲ್ಲ. ರಾ ಅಲ್ವಾ, ಹೊಳಪು ಆಮೇಲೆ ಎತ್ತಿಕೊಂಡರಾಯಿತು ಅಂದುಕೊಂಡೆ. ಒಂದು ಮದುವೆಯಲ್ಲಿ ಪೂರ್ತಿ ಮೂರು ಸ್ಟಾಪ್ ಕಮ್ಮಿ, ಅಂದರೆ ಎಂಟನೇ ಒಂದು ಭಾಗ ಹೊಳಪಲ್ಲಿ ತೆಗೆದೆ. ಕಂಪ್ಯೂಟರಲ್ಲಿ ಎತ್ತಿದರೆ ಕರಿ ಕುಪ್ಪಸದ ಮೇಲೆ ನೇರಳೆ ಪಟ್ಟೆ ಪಟ್ಟೆ. ನನ್ನ ಹಳೆ ಬಾಡಿಯಲ್ಲಿ ಅಲ್ಲೇ 6400 ಇಟ್ಟು ತೆಗೆದಿದ್ದರೆ ಅದಕ್ಕಿಂತ ಚೆನ್ನಾಗಿ ಬರುತ್ತಿತ್ತು. ಹೆಣ್ಣಿನ ಮನೆಯವರು 15,000 ಹಿಡಿದುಕೊಂಡರು, ಇವತ್ತಿಗೂ ಬಂದಿಲ್ಲ. ನಾಯ್ಸ್ ಬರುವುದು ಐಎಸ್‌ಒ ಅಂಕೆಯಿಂದ ಅಲ್ಲ, ಬೆಳಕು ಸಾಲದೆ. ಈಗ ಹೈಲೈಟ್ (ಹೊಳೆಯುವ ಭಾಗ) ಸುಡದಷ್ಟು ಹಿಸ್ಟೋಗ್ರಾಮ್ (ಬೆಳಕಿನ ಗ್ರಾಫ್) ಬಲಕ್ಕೆ ತಳ್ಳಿ, ಅಂದರೆ ಆದಷ್ಟು ಹೆಚ್ಚು ಬೆಳಕು ಕೊಟ್ಟೇ ತೆಗೆಯುತ್ತೇನೆ. ಮಂಗಟ್ಟೆ ಅಣ್ಣಾ, ಆ ಗೀರು ಹಕ್ಕಿಯದಾ, ಸಾಫ್ಟ್‌ವೇರ್ ಬರೆದದ್ದಾ?

ಒಂಟಿ ಮಂಗಟ್ಟೆ: ಒಂದೂವರೆ ಗಂಟೆ ಜಿಗಣೆ ಕಚ್ಚಿಸಿಕೊಂಡು ಕೂತು ತೆಗೆದದ್ದು. ನೋಡದೆ ಮಾತಾಡಬೇಡಿ.

ಮದುವೆ ಕ್ಯಾಮೆರಾ: ನೋಡಿದ್ದಕ್ಕೇ ಹೇಳಿದೆ. ನಮ್ಮ ತಾಯಿಯ ಫೋಟೋಗೆ ಆ ಎಐ ಡಿನಾಯ್ಸನ್ನೇ ಹಾಕಿದ್ದೆ. ಕೆನ್ನೆ ಸುಕ್ಕು ಮಾಯ, ಹುಬ್ಬಲ್ಲಿ ಇಲ್ಲದ ಕೂದಲು ಬಂತು. ತಂಗಿ ನೋಡಿ ‘ಇದು ಅಮ್ಮ ಅಲ್ಲ’ ಅಂದಳು. ಸ್ಲೈಡರ್ ಅರ್ಧಕ್ಕೆ ಇಳಿಸಿದ ಮೇಲೆ ಅಮ್ಮ ವಾಪಸ್ ಬಂದರು.

ತಲಕಾವೇರಿ ಆಕಾಶ: ದುಡ್ಡು ಸುರಿಯುವುದು ಯಾಕೆ ಅಂತ ಗೊತ್ತಾಗುವುದಿಲ್ಲ. ರಾ ಫೋಟೋ ತಿದ್ದುವ ಸಾಫ್ಟ್‌ವೇರ್ ಡಾರ್ಕ್‌ಟೇಬಲ್, ರಾಥೆರಪಿ ಎರಡೂ ಉಚಿತ. ಡಾರ್ಕ್‌ಟೇಬಲಲ್ಲಿ ಕ್ಯಾಮೆರಾ ಮಾಡೆಲ್, ಐಎಸ್‌ಒ ನೋಡಿ ಅಳೆದಿಟ್ಟ ನಾಯ್ಸ್ ಪ್ರೊಫೈಲ್ ಇದೆ. ನಾನು ನಕ್ಷತ್ರ ತೆಗೆಯುವವನು. ಒಂದೇ ದೃಶ್ಯದ 16 ಫ್ರೇಮ್ ತೆಗೆದು ಸರಾಸರಿ ಮಾಡಿದರೆ ನಾಯ್ಸ್ ಕಾಲು ಭಾಗ. ಮೊದಲು ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆನ್ ಇಟ್ಟಿದ್ದೆ. ನಾಲ್ಕು ನಿಮಿಷ ಫೋಟೋ ತೆಗೆದರೆ, ನಾಯ್ಸ್ ಕಳೆಯಲು ಅದು ಇನ್ನು ನಾಲ್ಕು ನಿಮಿಷ ಕತ್ತಲೆ ಫ್ರೇಮ್ ತೆಗೆಯುತ್ತೆ. ಅಷ್ಟರಲ್ಲಿ ಮಂಜು ಬಂದು ಬೆಟ್ಟವೇ ಮುಚ್ಚಿತು. ಮೂರು ರಾತ್ರಿ ಹೀಗೇ ಹೋಯಿತು.

ಒಂಟಿ ಮಂಗಟ್ಟೆ: ಮಂಗಟ್ಟೆ 16 ಫ್ರೇಮ್ ತನಕ ಅಲ್ಲಾಡದೆ ಕೂರುತ್ತಾ ಸಾರ್?

ತಲಕಾವೇರಿ ಆಕಾಶ: ನಾನು ಹಕ್ಕಿ ಬಗ್ಗೆ ಹೇಳಲೇ ಇಲ್ಲ.

ತೋಟದ ಮನೆ ಅಕ್ಕ (ಗೋಣಿಕೊಪ್ಪ): ನಾನೂ ಒಂದು ಮಳೆಗಾಲ ಪೂರ್ತಿ ನಾಯ್ಸ್, ಕಾಂಟ್ರಾಸ್ಟ್ ಇಲ್ಲ ಅಂತ ಒದ್ದಾಡಿದೆ. ಆಮೇಲೆ ಲೆನ್ಸ್ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದೆ. ಒಳಗೆ ಜೇಡರ ಬಲೆ ಹಾಗೆ ಫಂಗಸ್. ಚಿತ್ರ ಮಂಕಾಗಿ ಬರುತ್ತಿತ್ತು. ಎದ್ದು ಕಾಣಲಿ ಅಂತ ನಾನು ಸ್ಲೈಡರ್ ಎಳೆದಷ್ಟೂ ನಾಯ್ಸ್ ಎದ್ದು ಬರುತ್ತಿತ್ತು. ಬೆಂಗಳೂರಲ್ಲಿ ಬಿಚ್ಚಿಸಿ ತೊಳೆಸಲು 3,800, ಎರಡು ಸಲ ಬಸ್ಸು, ಮೂರು ವಾರ. ತೇವ ಹೀರಲಿ ಅಂತ ನಾನು ಲೆನ್ಸನ್ನು ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದೆ, ಅದೇ ತಪ್ಪು.

ಮದುವೆ ಕ್ಯಾಮೆರಾ: ಅಕ್ಕಿಯಲ್ಲಿಟ್ಟ ನನ್ನ ಲೆನ್ಸ್‌ಗೆ ಆರು ವರ್ಷದಿಂದ ಏನೂ ಆಗಿಲ್ಲ ಅಕ್ಕ.

ತೋಟದ ಮನೆ ಅಕ್ಕ: ನಿಮ್ಮದು ಪೇಟೆ ಮನೆ. ನಮ್ಮಲ್ಲಿ ಜುಲೈಯಲ್ಲಿ ಬೆಲ್ಟ್‌ಗೂ ಬೂಸ್ಟು ಬರುತ್ತೆ. ಅಕ್ಕಿ ತಾನೇ ತೇವ ಕುಡಿದು ಕೂತಿತ್ತು, ಧೂಳು ಬೇರೆ ಒಳಗೆ ಹೋಯಿತು. ಗಾಳಿಯಾಡದ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್, ತೇವ ಅಳೆಯುವ ಮೀಟರ್, ಇಷ್ಟು ಬೇಕು. ಜೆಲ್ ಬಣ್ಣ ತಿರುಗಿದರೆ ಬಿಸಿ ಮಾಡಿ ಮತ್ತೆ ಹಾಕಿ. ಡಬ್ಬಿಯೊಳಗಿನ ತೇವ ಶೇ 45 ದಾಟಲು ನಾನು ಬಿಡುವುದಿಲ್ಲ.

ಮದುವೆ ಕ್ಯಾಮೆರಾ: ವಿರಾಜಪೇಟೆಯಲ್ಲಿ ಮಳೆ ಬರುವುದೇ ಇಲ್ವಾ ಹಾಗಾದರೆ?

ಗದ್ದೆ ಬದು: ಡಾರ್ಕ್‌ಟೇಬಲ್ ಹಾಕಿ ನೋಡಿದೆ. ಬಣ್ಣದ ಚುಕ್ಕೆ ಮಾತ್ರ ತೆಗೆದೆ, ರವೆಯಂಥ ಕಾಳು ಹಾಗೇ ಬಿಟ್ಟೆ. ಅಜ್ಜಿಯ ಸುಕ್ಕು ಇದೆ. ಮಡಿಕೇರಿಯಲ್ಲಿ 8×12 ಇಂಚಿನ ಪ್ರಿಂಟ್ ಹಾಕಿಸಿದೆ. ಕೈಯಲ್ಲಿ ಹಿಡಿದು ನೋಡಿದರೆ ಕಾಳು ಕಾಣುವುದೇ ಇಲ್ಲ. ದುಡ್ಡು ಇನ್ನೂ ಇದೆ. 50 ಎಂಎಂ ಎಫ್ 1.8 ಇದ್ದರೆ ನನ್ನ 5.6ಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಅಲ್ವಾ? ಯಾರಾದರೂ ಹಳೆಯದು ಕೊಡುವವರಿದ್ದೀರಾ?

ಒಂಟಿ ಮಂಗಟ್ಟೆ: ಮತ್ತೆ ಲೆನ್ಸಾ? ನಾನು ಬರೆದದ್ದು ಓದಿದಿರಾ?

ತೋಟದ ಮನೆ ಅಕ್ಕ: ನನ್ನ ಹತ್ತಿರ ಇದೆ ತಮ್ಮಾ. ಗೋಣಿಕೊಪ್ಪಕ್ಕೆ ಬಾ. ಟಾರ್ಚ್ ಬಿಟ್ಟು ನೋಡಿಯೇ ತಗೊಂಡು ಹೋಗು.