ಸೌರ ಬಿರುಗಾಳಿಗೆ ಹಸುವಿನ ಹಾಲು ಇಳಿಯುತ್ತದಾ?

ಪ್ರಶ್ನೆ (ಹೈನುಗಾರ, ಹಾಸನ ಕಡೆ, ಮೇ 2024): ಡಾಕ್ಟ್ರೇ, ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ತಳಿಯ ಹಸು ಹೊತ್ತಿಗೆ ಎಂಟು ಲೀಟರ್ ಕೊಡುತ್ತಿತ್ತು. ನಾಲ್ಕು ದಿನದಿಂದ ಐದಕ್ಕೆ ಇಳಿದಿದೆ. 10ರ ರಾತ್ರಿ ಬಂದ ಸೌರ ಬಿರುಗಾಳಿಯಿಂದ ದನಗಳ ಹಾಲು ಬತ್ತುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ತಾನಾಗೇ ಸರಿಹೋಗುತ್ತದೆ ಅಂತ ಕಾಯಲಾ?

ಉತ್ತರ (ಪಶುವೈದ್ಯೆ): ಕಾಯಬೇಡಿ ಅಣ್ಣ. ಬಿರುಗಾಳಿ ಬಂದಿದ್ದು ನಿಜ. ಸೂರ್ಯನಿಂದ ಸಿಡಿದ ಕಣಗಳು ಬಂದು ಭೂಮಿಯ ಕಾಂತಕ್ಷೇತ್ರವನ್ನು ಕದಡುವುದಕ್ಕೇ ಹಾಗೆ ಹೇಳುವುದು. 2003ರ ನಂತರ ಅಷ್ಟು ಜೋರಾಗಿ ಬಂದಿರಲಿಲ್ಲ. ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿತ್ತು. ಆದರೆ ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರ ಸುಮಾರು 40,000 ನ್ಯಾನೊಟೆಸ್ಲಾ (ಕಾಂತಕ್ಷೇತ್ರ ಅಳೆಯುವ ಮಾನ). ಆ ರಾತ್ರಿ ಕುಗ್ಗಿದ್ದು 400ರ ಆಸುಪಾಸು, ನೂರಕ್ಕೆ ಒಂದು ಪಾಲು.

ಮೇಯುವ ದನಗಳು ಉತ್ತರ-ದಕ್ಷಿಣಕ್ಕೆ ಮೈಯೊಡ್ಡಿ ನಿಲ್ಲುತ್ತವೆ ಅಂತ 2008ರಲ್ಲಿ ಜರ್ಮನಿಯ ಸಂಶೋಧಕರು ಗೂಗಲ್ ಅರ್ಥ್ ಚಿತ್ರ ನೋಡಿ ಹೇಳಿದ್ದರು. ಬೇರೆಯವರು ಮತ್ತೆ ನೋಡಿದಾಗ ಹಾಗೆ ಕಾಣಲಿಲ್ಲ. ಅದು ನಿಜವೇ ಆದರೂ ನಿಲ್ಲುವ ದಿಕ್ಕಿನ ಮಾತು, ಕೆಚ್ಚಲಿನದ್ದಲ್ಲ.

ಈ ಸೆಕೆಗೆ ಎಚ್‌ಎಫ್ ಬೇಗ ಸೋಲುತ್ತದೆ. ಮಧ್ಯಾಹ್ನ ತೊಟ್ಟಿಯ ನೀರಿಗೆ ಕೈ ಹಾಕಿ ನೋಡಿ. ನಿಮ್ಮ ಕೈಗೇ ಬಿಸಿ ಅನ್ನಿಸಿದರೆ ಹಸು ಎಲ್ಲಿ ಕುಡಿದೀತು? ಬೆಳಗಿನ ಜಾವ ತಂಪಿನಲ್ಲಿ ಥರ್ಮಾಮೀಟರ್ ಇಡಿ. 103 ಡಿಗ್ರಿ ದಾಟಿದ್ದರೆ ಅದು ಜ್ವರ. ಕಿವಿಯ ಹಿಂದೆ, ಬಾಲದ ಬುಡದಲ್ಲಿ ರಕ್ತ ಹೀರುವ ಉಣ್ಣೆ ಹುಳ ಇದೆಯಾ ಹುಡುಕಿ. ಮೊದಲ ಹಾಲನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ. ಗರಣೆ ಕಂಡರೆ ಕೆಚ್ಚಲು ಬಾವು.

ಪ್ರಶ್ನೆ (ಪಾರಿವಾಳ ಸಾಕುವವರು, ಬೆಂಗಳೂರು): ಮೇಡಂ, ಹಾಗಾದ್ರೆ ನಮ್ಮ ಹಕ್ಕಿಗಳಿಗೂ ಏನೂ ಆಗಲ್ವಾ?

ಉತ್ತರ: ಅಲ್ಲಿ ವಿಷಯ ಬೇರೆ. ಹಕ್ಕಿಗಳು ದಾರಿ ಹಿಡಿಯಲು ಸೂರ್ಯನ ಜೊತೆಗೆ ಕಾಂತಕ್ಷೇತ್ರವನ್ನೂ ನೆಚ್ಚಿಕೊಳ್ಳುತ್ತವೆ. ಅಮೆರಿಕದ ಬಯಲುಸೀಮೆಯಲ್ಲಿ ರಾತ್ರಿ ವಲಸೆ ಹೋಗುವ ಹಕ್ಕಿಗಳ 23 ವರ್ಷಗಳ ರಾಡಾರ್ ಲೆಕ್ಕ 2023ರಲ್ಲಿ ಪ್ರಕಟವಾಯಿತು. ಕಾಂತಕ್ಷೇತ್ರ ಕದಡಿದ ರಾತ್ರಿಗಳಲ್ಲಿ ಹಾರುವವು ಶೇಕಡಾ 9ರಿಂದ 17ರಷ್ಟು ಕಡಿಮೆ ಇದ್ದವು. ಅದು ಕಾಯಿಲೆಯಲ್ಲ, ದಿಕ್ಕಿನ ಗೊಂದಲ. ಅಂಥ ಎಚ್ಚರಿಕೆ ಇದ್ದ ದಿನ ದೂರಕ್ಕೆ ಬಿಡಬೇಡಿ. ಮರಿಗಳನ್ನಂತೂ ಬೇಡವೇ ಬೇಡ.

ಹೈನುಗಾರ (ಮರುದಿನ): ಮೇಡಂ, ತೊಟ್ಟಿ ನೀರು ಸುಡ್ತಿತ್ತು, ನೆರಳಿಗೆ ಸರಿಸಿದೆ. ಬೆಳಗ್ಗೆ ಜ್ವರ 104. ಕಿವಿ ಹಿಂದೆ ಹೆಸರುಕಾಳಿನಷ್ಟು ದಪ್ಪ ಉಣ್ಣೆ, ಏಳೆಂಟು.

ಉತ್ತರ: ಈಗಲೇ ಊರಿನ ಡಾಕ್ಟರನ್ನು ಕರೆಸಿ. ಕಿವಿಯಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷೆ ಮಾಡಿಸಿ. ಉಣ್ಣೆ ಜ್ವರಗಳಲ್ಲಿ ಎರಡು ಮೂರು ಬಗೆ ಇವೆ, ಒಂದರ ಔಷಧಿ ಇನ್ನೊಂದಕ್ಕೆ ಹಿಡಿಯುವುದಿಲ್ಲ. ಪಕ್ಕದಲ್ಲಿ ಕಟ್ಟಿರುವ ಕರುವಿನ ಕಿವಿಯನ್ನೂ ನೋಡಿಬಿಡಿ.